ಪಾಪ ಅಂತ ಹಳ್ಳಕ್ಕೆ ಬಿಟ್ಟ ಮೂರು ಯಾಬಿ, ಮತ್ತು ಫಿಟ್ಜ್‌ರಾಯ್ ಫಾಲ್ಸ್ ಮೇಲಿನ ಮುಳ್ಳು ಕ್ರೇಫಿಶ್

ಹಳ್ಳದಹುಡುಗ (ವುಲಂಗಾಂಗ್)

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ವಾರ ಯೋಚಿಸಿದೆ. ಬೈಯುವವರು ಬೈಯಿರಿ, ಪರವಾಗಿಲ್ಲ.

ನಾಲ್ಕು ವರ್ಷದ ಹಿಂದೆ ಇಲ್ಲಿ ಆಸ್ಟ್ರೇಲಿಯಾದ ಒಳನಾಡಿನ ವಾಗಾ ವಾಗಾ ಕಡೆ ಗೆಳೆಯರೊಬ್ಬರ ಫಾರ್ಮಿಗೆ ಹೋಗಿದ್ದೆವು. ಅವರ ಹೊಲದ ಕಟ್ಟೆಯಲ್ಲಿ ಲೆಕ್ಕವಿಲ್ಲದಷ್ಟು ಯಾಬಿ. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ ಅದು ಸಿಹಿನೀರಿನ ಕ್ರೇಫಿಶ್, ಸಿಗಡಿಯ ಮೈಗೆ ಏಡಿಯ ಕೈ ಅಂಟಿಸಿದ ಹಾಗಿರುತ್ತದೆ. ಮಗ ಬಕೆಟ್ಟಿನಲ್ಲಿ ಮೂರು ಹಾಕಿಕೊಂಡು ಬಂದ. ಮನೆಯ ಗಾಜಿನ ತೊಟ್ಟಿಯಲ್ಲಿ ಒಂದೂವರೆ ತಿಂಗಳು ಇಟ್ಟುಕೊಂಡ, ಕ್ಯಾರೆಟ್ ತಿನ್ನಿಸಿದ, ಮೂರಕ್ಕೂ ಹೆಸರಿಟ್ಟ. ಅಷ್ಟರಲ್ಲಿ ನಾವು ಊರಿಗೆ ಹೊರಡುವ ದಿನ ಬಂತು. ಕೊಲ್ಲಲು ಮನಸ್ಸಿಲ್ಲ, ಯಾರಿಗೆ ಕೊಡುವುದು ಗೊತ್ತಿಲ್ಲ. ಅಮ್ಮ ಆಗ ಇಲ್ಲೇ ಇದ್ದರು. "ಪಾಪ, ನೀರಿಗೆ ಬಿಟ್ಟುಬಿಡೋ, ಹೆಂಗೋ ಬದುಕ್ಕೊಳ್ತವೆ, ನಿನಗೂ ಪುಣ್ಯ ಬರುತ್ತೆ" ಅಂದರು. ಮನೆ ಹಿಂದಿನ ಹಳ್ಳಕ್ಕೆ ಬಿಟ್ಟೆ. ಮಗ ಟಾಟಾ ಮಾಡಿದ. ಫೋಟೋ ಕೂಡ ಇದೆ.

ಕಳೆದ ತಿಂಗಳು ಆಫೀಸಿನಲ್ಲಿ ಊಟದ ಹೊತ್ತಿಗೆ ಈ ಕತೆಯನ್ನು ಏನೋ ತಮಾಷೆ ಅಂತ ಹೇಳಿದೆ. ಎದುರಿಗೆ ಕೂತಿದ್ದ ಸಹೋದ್ಯೋಗಿ ಚಮಚ ಕೆಳಗಿಟ್ಟರು. ಅವರು ರಜೆ ದಿನಗಳಲ್ಲಿ ಹಳ್ಳದ ದಂಡೆಗೆ ಗಿಡ ನೆಡುವ ಲ್ಯಾಂಡ್‌ಕೇರ್ ಗುಂಪಿನವರು. ಯಾಬಿ ಈ ಕಡೆಯದ್ದಲ್ಲ, ಹಾಗೆ ಬಿಡುವುದು ಇಲ್ಲಿ ಕಾನೂನಿಗೂ ವಿರುದ್ಧ ಅಂತ ಅವತ್ತೇ ಗೊತ್ತಾಗಿದ್ದು. ಆಮೇಲೆ ಅವರು ಫಿಟ್ಜ್‌ರಾಯ್ ಫಾಲ್ಸ್ ವಿಷಯ ಹೇಳಿದರು. ಸಿಡ್ನಿ ಕಡೆಯ ಕನ್ನಡದವರು ಯಾರು ಹೋಗಿಲ್ಲ ಹೇಳಿ ಅಲ್ಲಿಗೆ? ಸುಮಾರು 80 ಮೀಟರ್ ಎತ್ತರದಿಂದ ನೀರು ಬೀಳುತ್ತದೆ, ನಾವು ಕಂಬಿ ಹಿಡಿದು ಸೆಲ್ಫಿ ತೆಗೆಯುತ್ತೇವೆ, ಕಾಫಿ ಕುಡಿದು ವಾಪಸ್ ಬರುತ್ತೇವೆ. ಆ ನೀರು ಬರುವ ಹಳ್ಳದ ಹೆಸರು ವೈಲ್ಡ್ಸ್ ಮೆಡೋ ಕ್ರೀಕ್. ಫಾಲ್ಸ್‌ನ ಮೇಲ್ಭಾಗದಲ್ಲಿ, ಆ ಒಂದೇ ಹಳ್ಳದಲ್ಲಿ, ಒಂದು ಜಾತಿಯ ಮುಳ್ಳು ಕ್ರೇಫಿಶ್ ಇದೆ. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ವಿಜ್ಞಾನದಲ್ಲಿ ಅದರ ಹೆಸರು ಯುಆಸ್ಟಕಸ್ ಧರವಾಲಸ್, ಅಲ್ಲಿನ ಮೂಲನಿವಾಸಿ ಧರವಾಲ್ ಜನರ ಹೆಸರು ಅದಕ್ಕಿಟ್ಟಿದ್ದಾರೆ. 1997ರಲ್ಲಷ್ಟೇ ಅದನ್ನು ಬೇರೆ ಜಾತಿ ಅಂತ ಗುರುತಿಸಿದ್ದು. ಈಗಾಗಲೇ ನ್ಯೂ ಸೌತ್ ವೇಲ್ಸ್‌ನಲ್ಲಿ ಅತಿ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿದೆ.

ಅದರ ದೊಡ್ಡ ಶತ್ರು ಯಾರು ಗೊತ್ತಾ? ಯಾರೋ ತಂದು ಬಿಟ್ಟ ಯಾಬಿ.


ಮಂಡ್ಯದಕ್ಕ

ನಮ್ಮ ಕಡೆ ನಳ್ಳಿ ಅಂತೀವಿ ಏಡಿಗೆ. ಈ ನಿಮ್ಮ ಕ್ರೇಫಿಶ್‌ಗೆ ಕನ್ನಡದಲ್ಲಿ ಏನಂತಾರೆ ಮೊದಲು ಅದು ಹೇಳಪ್ಪ.

ಇನ್ನೊಂದು ಅರ್ಥ ಆಗಲಿಲ್ಲ. ಯಾಬಿನೂ ಆಸ್ಟ್ರೇಲಿಯಾದ್ದೇ, ಮುಳ್ಳಿಂದೂ ಆಸ್ಟ್ರೇಲಿಯಾದ್ದೇ. ಅಣ್ಣತಮ್ಮಂದಿರ ಜಗಳಕ್ಕೆ ನೀನ್ಯಾಕೆ ತಲೆ ಕೆಡಿಸಿಕೊಂಡಿದ್ದೀಯ? ಬಿಟ್ಟಿದ್ದು ಮೂರು ತಾನೇ.


ಕಡಲತೀರ

ತುಳುವಿನಲ್ಲಿ ಡೆಂಜಿ ಅಂದರೆ ಏಡಿ, ಎಟ್ಟಿ ಅಂದರೆ ಸಿಗಡಿ. ಎರಡೂ ಸೇರಿಸಿ ಡೆಂಜೆಟ್ಟಿ ಅಂತ ಮಾಡಿಬಿಡಿ, ಮುಗಿಯಿತು.


ಹಳ್ಳದಹುಡುಗ

ಡೆಂಜೆಟ್ಟಿ ಚೆನ್ನಾಗಿದೆ 😀 ಕನ್ನಡದಲ್ಲಿ ಹೆಸರಿಲ್ಲ ಅಕ್ಕ, ಯಾಕೆಂದರೆ ನಮ್ಮಲ್ಲಿ ಆ ಪ್ರಾಣಿಯೇ ಇಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಮಡಗಾಸ್ಕರ್, ದಕ್ಷಿಣ ಅಮೆರಿಕ ಎಲ್ಲ ಕಡೆ ಇದರ ನೆಂಟರಿದ್ದಾರೆ, ಇಂಡಿಯಾದಲ್ಲಿ ಮೂಲದಿಂದ ಒಂದೂ ಇಲ್ಲ. ನಮ್ಮ ಹಳ್ಳಗಳಲ್ಲಿ ಆ ಕೆಲಸ ಮಾಡುವುದು ಏಡಿ.

ಅಣ್ಣತಮ್ಮಂದಿರ ವಿಷಯ. ನಮ್ಮ ಘಟ್ಟ ನೆನಪು ಮಾಡಿಕೊಳ್ಳಿ. ಗಂಗಾಮೂಲದ ಹತ್ತಿರ ಬಿದ್ದ ಮಳೆ ಈ ಕಡೆ ಜಾರಿದರೆ ಭದ್ರಾ ಆಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ, ಆ ಕಡೆ ಜಾರಿದರೆ ನೇತ್ರಾವತಿ ಆಗಿ ಮಂಗಳೂರಿಗೆ. ಬೆಟ್ಟ ಒಂದೇ, ಆದರೆ ನೀರಿನೊಳಗಿನ ಜೀವಿಗೆ ಅವೆರಡು ಬೇರೆ ಬೇರೆ ಲೋಕ. ಇಲ್ಲೂ ಹಾಗೇ. ಗ್ರೇಟ್ ಡಿವೈಡಿಂಗ್ ರೇಂಜ್ ಅಂತ ಪೂರ್ವದ ಉದ್ದಕ್ಕೂ ಬೆಟ್ಟಸಾಲು. ಯಾಬಿ ಅದರ ಒಳಗಿನ ಪಕ್ಕದ್ದು, ಒಣ ಸೀಮೆಯದ್ದು. ಬಿಸಿಲಿಗೆ ಬಿಸಿಯಾದ ಕೆಸರು ನೀರಿನಲ್ಲೂ ಬದುಕುತ್ತದೆ. ಕೆರೆ ಒಣಗಿದರೆ ಮಣ್ಣಿನೊಳಗೆ ಬಿಲ ಕೊರೆದು ಮಳೆ ಬರುವ ತನಕ ಮಲಗುತ್ತದೆ. ವರ್ಷ ತುಂಬುವ ಮೊದಲೇ ಮೊಟ್ಟೆ ಇಡುತ್ತದೆ, ಬೆಚ್ಚಗಿದ್ದರೆ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಸಲ. ಇಂಥದ್ದನ್ನು ಸಮುದ್ರದ ಪಕ್ಕದ ತಣ್ಣನೆ ಹಳ್ಳಕ್ಕೆ ತಂದರೆ ಅಲ್ಲಿನದಕ್ಕೆ ಏನು ಉಳಿಯುತ್ತದೆ?

ಮುಳ್ಳು ಕ್ರೇಫಿಶ್ ಪೂರ್ತಿ ಉಲ್ಟಾ. ಎಲ್ಲವೂ ನಿಧಾನ. ಇವುಗಳಲ್ಲೇ ದೊಡ್ಡದಾದ ಮರ್ರೆ ಕ್ರೇಫಿಶ್‌ನಲ್ಲಿ ಹೆಣ್ಣು ಮೊಟ್ಟೆ ಇಡುವ ವಯಸ್ಸಿಗೆ ಬರಲು ಎಂಟೊಂಬತ್ತು ವರ್ಷ ಬೇಕು. ಚಳಿಗಾಲ ಪೂರ್ತಿ ಮೊಟ್ಟೆಗಳನ್ನು ಬಾಲದ ಕೆಳಗೆ ಅಂಟಿಸಿಕೊಂಡೇ ಓಡಾಡುತ್ತದೆ. ಮರಿಯಾದ ಮೇಲೂ ಸ್ವಲ್ಪ ದಿನ ಅವು ಅಮ್ಮನನ್ನೇ ಹಿಡಿದುಕೊಂಡು ನೇತಾಡುತ್ತವೆ. ಅಂಥ ಒಂದು ಹೆಣ್ಣು ಹೋದರೆ ಹತ್ತು ವರ್ಷದ ಲೆಕ್ಕ ಹೋಯಿತು ಅಂತಲೇ.

ಮೂರೇ ತಾನೇ ಅಂದಿರಿ. ನಾನೂ ಹಾಗೇ ಅಂದುಕೊಂಡಿದ್ದೆ.


ಬ್ರಿಸ್ಬೇನ್_ಬೆಳಗು

ನಾನು ಇದರ ಒಂದು ನೆಂಟನನ್ನು ಮುಖಾಮುಖಿ ನೋಡಿದ್ದೇನೆ! ಲ್ಯಾಮಿಂಗ್ಟನ್ ನ್ಯಾಷನಲ್ ಪಾರ್ಕ್, ಕ್ವೀನ್ಸ್‌ಲ್ಯಾಂಡ್. ಮಳೆ ನಿಂತು ಅರ್ಧ ಗಂಟೆ ಆಗಿತ್ತು. ಥೇಟ್ ಆಗುಂಬೆ, ಇಂಬಳ ಸಮೇತ. ನಾನು ಕಾಲು ನೋಡಿಕೊಂಡು ಇಂಬಳ ಕೀಳುತ್ತಾ ನಡೆಯುತ್ತಿದ್ದೆ, ದಾರಿಯ ಮಧ್ಯೆ ಏನೋ ನೀಲಿ. ಯಾರೋ ಮಗುವಿನ ಪ್ಲಾಸ್ಟಿಕ್ ಆಟಿಕೆ ಬೀಳಿಸಿದ್ದಾರೆ ಅಂದುಕೊಂಡೆ. ಹತ್ತಿರ ಹೋದರೆ ಎರಡೂ ಕೈ ಎತ್ತಿ ನಿಂತಿತು. ಕಡು ನೀಲಿ ಮೈ, ಕೈ ತುದಿ ಬಿಳಿ, ಬಾಲದ ಮೇಲೆಲ್ಲ ಗುಲಾಬಿ ಗಿಡದಲ್ಲಿರುವ ಹಾಗೆ ಮುಳ್ಳು. ನಾನು ಇನ್ನೊಂದು ಹೆಜ್ಜೆ ಇಟ್ಟೆ ನೋಡಿ, ಅದು ಬುಸ್ ಅಂದಿತು! ನಿಜವಾಗಿಯೂ ಬುಸುಗುಟ್ಟುತ್ತದೆ, ಸುಳ್ಳಲ್ಲ. ಅಂಗೈಯಷ್ಟು ಪ್ರಾಣಿ, ಐದಡಿ ಆರಿಂಚಿನ ನನ್ನನ್ನು ಹೆದರಿಸಿ ಹಿಂದಕ್ಕೆ ಕಳಿಸಿತು. ಲ್ಯಾಮಿಂಗ್ಟನ್ ಸ್ಪೈನಿ ಕ್ರೇಫಿಶ್ ಅಂತ ಆಮೇಲೆ ಗೊತ್ತಾಯಿತು. ಒದ್ದೆ ಇದ್ದಾಗ ನೀರು ಬಿಟ್ಟು ಕಾಡಿನಲ್ಲಿ ಆರಾಮಾಗಿ ಓಡಾಡುತ್ತವಂತೆ.

ಇದೇ ಕಾಡಿನ ಅಂಚು 2019ರ ಸೆಪ್ಟೆಂಬರ್‌ನಲ್ಲಿ ಹೊತ್ತಿ ಉರಿಯಿತು. ಬಿನ್ನಾ ಬರ್ರಾದ ಹಳೇ ಲಾಡ್ಜ್ ಸುಟ್ಟುಹೋಯಿತು. ಇಂಬಳ ಇರುವ ಮಳೆಕಾಡು ಸುಡುತ್ತದೆ ಅಂತ ನಾವ್ಯಾರೂ ಅಂದುಕೊಂಡಿರಲಿಲ್ಲ. ಆ ಬೇಸಿಗೆ ಮುಗಿದ ಮೇಲೆ ಸರ್ಕಾರ ತುರ್ತಾಗಿ ಕಾಪಾಡಬೇಕಾದ 113 ಪ್ರಾಣಿಗಳ ಪಟ್ಟಿ ಮಾಡಿತಲ್ಲ, ಅದರಲ್ಲಿ 22 ಕ್ರೇಫಿಶ್‌ಗಳೇ. ಟಿವಿಯಲ್ಲಿ ಮಾತ್ರ ಕೊವಾಲಾ, ಕೊವಾಲಾ, ಕೊವಾಲಾ.


ತೋಟದಮನೆ (ಕೊಪ್ಪ)

ನೀರೊಳಗಿರೋದಕ್ಕೆ ಬೆಂಕಿ ಏನು ಮಾಡುತ್ತೆ ಮಾರಾಯ್ರೆ?


ಬ್ರಿಸ್ಬೇನ್_ಬೆಳಗು

ಬೆಂಕಿಗಿಂತ ಆಮೇಲಿನ ಮೊದಲ ಮಳೆ ಕೆಟ್ಟದ್ದು ಸಾರ್. ದಂಡೆಯ ಗಿಡ ಎಲ್ಲ ಸುಟ್ಟಿರುತ್ತದೆ, ಮಣ್ಣು ಹಿಡಿಯಲು ಬೇರಿಲ್ಲ. ಬೂದಿ, ಕರಿ, ಮಣ್ಣು ಎಲ್ಲ ಒಟ್ಟಿಗೆ ಹಳ್ಳಕ್ಕೆ ಇಳಿಯುತ್ತದೆ, ನೀರು ಕರಿ ಗಂಜಿ ಆಗುತ್ತದೆ, ಅದರಲ್ಲಿ ಉಸಿರಾಡಲು ಆಮ್ಲಜನಕ ಇರುವುದಿಲ್ಲ. ನೆರಳೂ ಹೋಯಿತು, ಹಾಗಾಗಿ ಆಮೇಲಿನ ವರ್ಷಗಳಲ್ಲಿ ನೀರು ಬಿಸಿ. ಬೆಟ್ಟದ ಕೆಳಗಿನ ಪ್ರಾಣಿಯಾದರೆ ಮೇಲಕ್ಕೆ ಹೋಗಬಹುದು. ಟೌನ್ಸ್‌ವಿಲ್ ಹತ್ತಿರ ಮೌಂಟ್ ಎಲಿಯಟ್ ಅಂತ ಒಂದು ಬೆಟ್ಟ, ಅದರ ನೆತ್ತಿಯ ತೊರೆಗಳಲ್ಲಿ ಮಾತ್ರ ಇರುವ ಒಂದು ಜಾತಿ ಇದೆ, ಯುಆಸ್ಟಕಸ್ ಬಿಂದಾಲ್. ಅದು ಎಲ್ಲಿಗೆ ಹೋಗುತ್ತದೆ? ಸುತ್ತ ಕೆಳಗೆಲ್ಲ ಬಿಸಿ ಬಯಲು. ಈಗಾಗಲೇ ನೆತ್ತಿಯ ಮೇಲೇ ಕೂತಿದೆ.


ತೋಟದಮನೆ (ಕೊಪ್ಪ)

ಸರಿ, ಒಪ್ಪಿದೆ. ಆದರೆ ಒಂದು ಮಾತು ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಲ್ಲಿ ಒಂದು ಹಳ್ಳದ ಒಂದು ಡೆಂಜೆಟ್ಟಿಗೆ ಕಾನೂನು, ಪಟ್ಟಿ, ಸ್ವಯಂಸೇವಕರು. ನಮ್ಮ ಹಳ್ಳದ ಏಡಿಗೆ ಯಾರೂ ದಿಕ್ಕಿಲ್ಲ. ನಾನು ಚಿಕ್ಕವನಿದ್ದಾಗ ತೋಟದ ಕೆಳಗಿನ ಹಳ್ಳದಲ್ಲಿ ಕಲ್ಲು ಎತ್ತಿದರೆ ಏಡಿ. ಈಗ ಹತ್ತು ಕಲ್ಲು ಎತ್ತಿದರೆ ಒಂದು. ಕಾರಣ ಬೇರೆ ಯಾರೂ ಅಲ್ಲ, ನಾವೇ. ಕೊಳೆರೋಗಕ್ಕೆ ಮೈಲುತುತ್ತದ ಔಷಧಿ ಹೊಡೀತೀವಿ, ಸಂಜೆ ಡ್ರಮ್ಮು, ಪೈಪು ಎಲ್ಲ ಹಳ್ಳದಲ್ಲೇ ತೊಳೀತೀವಿ. ತಾಮ್ರ ಏಡಿ ಜಾತಿಗೆ ವಿಷ ಅಂತ ಕೃಷಿ ಓದಿದ ನನ್ನ ಮಗಳು ಹೇಳಿದ ಮೇಲೆ ಗೊತ್ತಾಗಿದ್ದು. ಹತ್ತುಮೀನಿನ ಕಾಲದಲ್ಲಿ ಹೊಟ್ಟೆ ತುಂಬ ಮೊಟ್ಟೆ ಇರೋ ಮೀನನ್ನೇ ಕೂಳಿ ಹಾಕಿ ಹಿಡೀತೀವಿ. ಕಾರೆಕಾಯಿ ಜಜ್ಜಿ ಹಾಕೋದು ಹೋಗಿ ಬ್ಲೀಚಿಂಗ್ ಪೌಡರ್ ಬಂತು. ಇನ್ನು ಕುದುರೆಮುಖದ ಗಣಿ ನಿಂತಿದ್ದು 2005ರ ಕೊನೆಗೆ. ಅದಕ್ಕೂ ಮೊದಲು ಮಳೆಗಾಲದಲ್ಲಿ ಭದ್ರೆಯ ನೀರು ಯಾವ ಬಣ್ಣಕ್ಕಿತ್ತು ಅಂತ ಕಳಸದವರನ್ನು ಕೇಳಿ.


ಹಳ್ಳದಹುಡುಗ

ಬೇಜಾರು ಯಾಕೆ ಸಾರ್, ನಾನೂ ತೀರ್ಥಹಳ್ಳಿ ಕಡೆಯವನೇ, ಕೂಳಿ ಇಟ್ಟವನೇ. ನೀವು ಹೇಳಿದ ಡ್ರಮ್ಮು ತೊಳೆಯುವ ವಿಷಯ ನಮ್ಮನೆಯಲ್ಲೂ ಇತ್ತು, ಹಳ್ಳದಿಂದ ಹತ್ತು ಮಾರು ಮೇಲೆ ಗುಂಡಿ ತೋಡಿ ಅಲ್ಲಿ ತೊಳೆದರೆ ಆಗುತ್ತಿತ್ತು, ಯಾರಿಗೂ ಹೊಳೆಯಲಿಲ್ಲ.


ಬೆಟ್ಟದಬೈರಾಗಿ (ವೆಸ್ಟ್ ವರ್ಜೀನಿಯಾ)

ಗಣಿ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ಇಲ್ಲಿನ ಕತೆ ಪೂರ್ತಿ ಕೆಸರಿನದ್ದೇ.

ನಮ್ಮಲ್ಲಿ ಗಯಾಂಡಾಟ್ ನದಿಯ ಕ್ರೇಫಿಶ್ ಅಂತ ಒಂದಿದೆ. ಅದು ಇರುವುದು ರಭಸದ ಹಳ್ಳದಲ್ಲಿ, ಚಪ್ಪಡಿ ಕಲ್ಲಿನ ಕೆಳಗೆ. ಚಪ್ಪಡಿ ಅಂದರೆ ನಿಜವಾಗಿ ಚಪ್ಪಡಿ, ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನಷ್ಟು, ಅದಕ್ಕಿಂತಲೂ ದೊಡ್ಡದು. ಕಲ್ಲಿನ ಕೆಳಗೆ ಸಂದು ಇರಬೇಕು, ಸಂದಿನಲ್ಲಿ ನೀರು ಹರಿಯುತ್ತಿರಬೇಕು. ಅಷ್ಟೇ ಅದರ ಬೇಡಿಕೆ. ಕಲ್ಲಿದ್ದಲಿಗಾಗಿ ಬೆಟ್ಟದ ತಲೆ ಕತ್ತರಿಸಿದರು, ಮರ ಸಾಗಿಸಲು ರಸ್ತೆ ಮಾಡಿದರು, ಮಣ್ಣೆಲ್ಲ ಕೆಳಗೆ ಬಂತು. ಹಳ್ಳ ನೋಡಿದರೆ ಈಗಲೂ ಹಳ್ಳವೇ, ನೀರೂ ಇದೆ, ಕಲ್ಲೂ ಕಾಣುತ್ತದೆ. ಆದರೆ ಸಂದುಗಳಿಗೆ ಸಿಮೆಂಟ್ ಮೆತ್ತಿದ ಹಾಗೆ ಹೂಳು ತುಂಬಿಕೊಂಡಿದೆ. ಮನೆ ಇದೆ, ಬಾಗಿಲಿಗೆ ಗೋಡೆ ಕಟ್ಟಿದ್ದಾರೆ. ಮೊದಲಿದ್ದ ಜಾಗದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೋಯಿತು. 2016ರಲ್ಲಿ ಅಳಿವಿನಂಚಿನ ಪ್ರಾಣಿ ಅಂತ ಘೋಷಿಸುವ ಹೊತ್ತಿಗೆ ಉಳಿದದ್ದು ಎರಡೇ ತೊರೆಗಳಲ್ಲಿ, ಪಿನಾಕಲ್ ಕ್ರೀಕ್ ಮತ್ತು ಕ್ಲಿಯರ್ ಫೋರ್ಕ್. ಅದರಲ್ಲಿ ಪಿನಾಕಲ್ ಕ್ರೀಕ್‌ನೊಳಗೇ ಜನ ನಾಲ್ಕು ಚಕ್ರದ ಬೈಕು ಓಡಿಸಿ ಮಜಾ ಮಾಡುತ್ತಾರೆ.

ವಾರಾಂತ್ಯಕ್ಕೆ ಟ್ರೆಕಿಂಗ್ ಹೋಗುವ ನಮ್ಮವರಿಗೆ ಒಂದು ಮಾತು. ಹಳ್ಳದಲ್ಲಿ ಕಲ್ಲಿನ ಮೇಲೆ ಕಲ್ಲು ಪೇರಿಸಿ ಗೋಪುರ ಮಾಡಿ ಫೋಟೋ ಹಾಕುತ್ತೀರಲ್ಲ, ಸುಮ್ನೆ ಬಿಡಿ ಅದನ್ನು.


ಮಂಡ್ಯದಕ್ಕ

ಅಯ್ಯೋ ನಾನು ಮಾಡಿದ್ದೀನಿ ಏಳು ಕಲ್ಲಿನದು. ಫ್ರೇಮ್ ಹಾಕ್ಸಿದ್ದೀನಿ ಬೇರೆ.


ಮಲ್ಲೇಶ್ವರಂ_ಮೀನುತೊಟ್ಟಿ

ಇಂಡಿಯಾದಲ್ಲಿ ಕ್ರೇಫಿಶ್ ಇಲ್ಲ ಅಂದಿರಿ. ಹಳ್ಳದಲ್ಲಿ ಇಲ್ಲ, ಅಂಗಡಿಯಲ್ಲಿ ಇದೆ. ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳಲ್ಲಿ "ಬ್ಲೂ ಲಾಬ್‌ಸ್ಟರ್" ಅಂತ ಕೊಡುತ್ತಾರೆ, ನಾನೂ ತಂದಿದ್ದೆ. ಒಂದು ರಾತ್ರಿಯಲ್ಲಿ ನನ್ನ ಎರಡು ಏಂಜೆಲ್ ಮೀನು ಮುಗಿಸಿತು. ಬೇಜಾರಾದವರು ಏನು ಮಾಡುತ್ತಾರೆ? ಹತ್ತಿರದ ಕೆರೆ. ಅದೇ ಅಮ್ಮನ ಮಾತು, ಪಾಪ, ನೀರಿಗೆ ಬಿಡು.

ಇದರಲ್ಲಿ ಮಾರ್ಬಲ್ಡ್ ಕ್ರೇಫಿಶ್ ಅಂತ ಒಂದು ಭೂತ ಇದೆ. 1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂಗಳಲ್ಲಿ ಕಾಣಿಸಿಕೊಂಡಿದ್ದು. ಎಲ್ಲವೂ ಹೆಣ್ಣು, ಗಂಡು ಬೇಕಾಗೇ ಇಲ್ಲ, ಒಂದಿದ್ದರೆ ತನ್ನದೇ ನಕಲು ನೂರಾರು ಮಾಡುತ್ತದೆ. ಮಡಗಾಸ್ಕರ್‌ನಲ್ಲಿ ಈಗ ಗದ್ದೆ, ಕೆರೆ ಎಲ್ಲ ಕಡೆ ಅದೇ. ಅಲ್ಲಿ ಬೇರೆಲ್ಲೂ ಸಿಗದ ಕ್ರೇಫಿಶ್ ಜಾತಿಗಳಿವೆ, ಅವುಗಳ ತಲೆ ಮೇಲೆ ಬಂದು ಕೂತಿದೆ. ಹಳ್ಳದಹುಡುಗ ಬಿಟ್ಟಿದ್ದು ಮೂರು. ಇದಾದರೆ ಒಂದೇ ಸಾಕಿತ್ತು.


ಲೀಡ್ಸ್_ಲೀಲಾ

ರೋಗವನ್ನೂ ಸೇರಿಸಿಕೊಳ್ಳಿ. ಇಂಗ್ಲೆಂಡಿನ ಬಿಳಿ ಕೈಯ ಕ್ರೇಫಿಶ್ ಹಾಳಾಗಿದ್ದು ಹೀಗೇ. 1970ರ ದಶಕದಲ್ಲಿ ಸಾಕಿ ಮಾರೋಣ ಅಂತ ಅಮೆರಿಕದ ಸಿಗ್ನಲ್ ಕ್ರೇಫಿಶ್ ತಂದರು, ಅದು ತಪ್ಪಿಸಿಕೊಂಡು ನದಿ ಸೇರಿತು, ಜೊತೆಗೆ ಕ್ರೇಫಿಶ್ ಪ್ಲೇಗ್ ತಂದಿತು. ಅದು ನೀರಿನಲ್ಲಿ ಹರಡುವ ಬೂಷ್ಟಿನಂಥದ್ದು. ಅಮೆರಿಕದ್ದಕ್ಕೆ ಏನೂ ಆಗಲ್ಲ, ಇಲ್ಲಿಯದು ವಾರಗಳಲ್ಲಿ ಖಾಲಿ. ಒದ್ದೆ ಬೂಟಿನಲ್ಲಿ ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋದರೂ ಸಾಕು, ಅಂಟುತ್ತದೆ. ಅದಕ್ಕೇ ಇಲ್ಲಿ ಬೂಟು ತೊಳೆದು ಒಣಗಿಸಿ ಅಂತ ಎಲ್ಲ ಕಡೆ ಹೇಳುತ್ತಾರೆ. ಉಳಿದ ಬಿಳಿ ಕೈಯವನ್ನು ದೂರದ ಹೊಂಡಗಳಿಗೆ ಸಾಗಿಸಿ ಬಚ್ಚಿಟ್ಟ ಹಾಗೆ ಇಟ್ಟಿದ್ದಾರೆ. ಆಸ್ಟ್ರೇಲಿಯಾಕ್ಕೆ ಈ ಪ್ಲೇಗ್ ಇನ್ನೂ ಹೋಗಿಲ್ಲ. ಹೋದರೆ ನಿಮ್ಮ ಮುಳ್ಳಿನವು ತಡೆದುಕೊಳ್ಳುವುದಿಲ್ಲ.


ಬಯಾಲಜಿ_ಮೇಷ್ಟ್ರು

ಯಾರೂ ಹುಳುವಿನ ವಿಷಯ ಎತ್ತಲಿಲ್ಲ, ನಾನು ಎತ್ತುತ್ತೇನೆ. ಈ ಮುಳ್ಳು ಕ್ರೇಫಿಶ್‌ಗಳ ಮೈಮೇಲೆ, ಕಿವಿರಿನ ಹತ್ತಿರ, ಸಣ್ಣ ಚಪ್ಪಟೆ ಹುಳುಗಳಿರುತ್ತವೆ. ಟೆಮ್ನೋಸೆಫಾಲ ಅಂತ. ತಲೆಯಲ್ಲಿ ಬೆರಳಿನ ಹಾಗೆ ಐದು ಎಳೆ, ನೋಡಿದರೆ ಪುಟ್ಟ ಅಂಗೈ. ಕ್ರೇಫಿಶ್ ಊಟ ಮಾಡುವಾಗ ಚೆಲ್ಲಿದ್ದನ್ನು, ನೀರಿನ ಸೂಕ್ಷ್ಮ ಜೀವಿಗಳನ್ನು ತಿಂದುಕೊಂಡು ಬಾಡಿಗೆ ಇಲ್ಲದ ಮನೆಯಲ್ಲಿ ಇರುತ್ತವೆ. ಕೋಟ್ಯಂತರ ವರ್ಷದಿಂದ ಜೊತೆಗೇ ಬಂದಿವೆ, ಕೆಲವು ಹುಳುಗಳಿಗೆ ಒಂದೇ ಜಾತಿಯ ಕ್ರೇಫಿಶ್ ಮನೆ. 2016ರಲ್ಲಿ ಬಂದ ಅಧ್ಯಯನದಲ್ಲಿ 37 ಜಾತಿ ಕ್ರೇಫಿಶ್, 33 ಜಾತಿ ಹುಳು ಇಟ್ಟುಕೊಂಡು ಲೆಕ್ಕ ಹಾಕಿದ್ದರು. ಅಪಾಯದಲ್ಲಿರುವ ಕ್ರೇಫಿಶ್‌ಗಳು ಹೋದರೆ ಹುಳುಗಳಲ್ಲಿ ನೂರಕ್ಕೆ ಅರವತ್ತು ಜೊತೆಗೇ ಹೋಗುತ್ತವೆ ಅಂತ ಬಂತು. ಹುಳುವಿಗೆ ಯಾರು ಅಳುತ್ತಾರೆ ಅಂತ ನನ್ನ ಹೆಂಡತಿ ಕೇಳಿದಳು. ನಾನು ಅಳುತ್ತೇನೆ ಅಂದೆ.


ಸಿಡ್ನಿ_ಸುಬ್ಬಣ್ಣ

ಎಲ್ಲ ಸರಿ ಗುರು, ಹಿಡಿಯೋದು ಪೂರ್ತಿ ತಪ್ಪಾ? ನಾವು ಪ್ರತಿ ಚಳಿಗಾಲ ಮರ್ರೆ ಕ್ರೇಫಿಶ್‌ಗೆ ಹೋಗ್ತೀವಿ.


ಹಳ್ಳದಹುಡುಗ

ಸುಬ್ಬಣ್ಣ, ನ್ಯೂ ಸೌತ್ ವೇಲ್ಸ್‌ನಲ್ಲಿ ಜೂನ್‌ನಿಂದ ಆಗಸ್ಟ್ ತನಕ ಹಿಡಿಯಬಹುದು, ಲೈಸೆನ್ಸ್ ಇರಬೇಕು. ಕಣ್ಣಿನ ಗುಳಿಯಿಂದ ಬೆನ್ನಿನ ಚಿಪ್ಪಿನ ಕೊನೆ ತನಕ ಅಳತೆ 10ರಿಂದ 12 ಸೆಂಟಿಮೀಟರ್ ಒಳಗಿದ್ದರೆ ಮಾತ್ರ ಇಟ್ಟುಕೊಳ್ಳುವುದು. ಚಿಕ್ಕದನ್ನೂ ಬಿಡಬೇಕು, ತುಂಬಾ ದೊಡ್ಡದನ್ನೂ ಬಿಡಬೇಕು, ದೊಡ್ಡ ಹೆಣ್ಣೇ ಜಾಸ್ತಿ ಮೊಟ್ಟೆ ಇಡುವುದು. ಬಾಲದ ಕೆಳಗೆ ಮೊಟ್ಟೆ ಇದ್ದರಂತೂ ಅಲ್ಲೇ, ಆಗಲೇ, ನೀರಿಗೆ. ಕ್ಯಾನ್ಬೆರಾ ಗಡಿ ದಾಟಿದರೆ ಮುಟ್ಟುವ ಹಾಗೇ ಇಲ್ಲ. ಫಿಟ್ಜ್‌ರಾಯ್ ಫಾಲ್ಸ್‌ನದ್ದನ್ನು ಹಿಡಿಯುವುದು ಯಾವಾಗಲೂ ಅಪರಾಧ. ಇನ್ನೊಂದು, ನಿಮ್ಮ ಗ್ಯಾರೇಜಿನಲ್ಲಿ ಹಳೇ ಆಪೆರಾ ಹೌಸ್ ಬಲೆ (ಯಾಬಿ ಹಿಡಿಯುವ, ಸುತ್ತ ಮುಚ್ಚಿದ ಗೂಡಿನಂಥದ್ದು) ಇದ್ದರೆ ಎಸೆಯಿರಿ. ಒಳಗೆ ಹೋದ ಪ್ಲ್ಯಾಟಿಪಸ್ ಮೇಲೆ ಬಂದು ಉಸಿರಾಡಲಾಗದೆ ಮುಳುಗಿ ಸಾಯುತ್ತದೆ ಅಂತ 2021ರಿಂದ ಇಲ್ಲಿ ನಿಷೇಧ.

ಕಳೆದ ಶನಿವಾರ ಸಹೋದ್ಯೋಗಿ ಜೊತೆ ಗಿಡ ನೆಡಲು ಹೋಗಿದ್ದೆ. ಹಸು ಮೇಯುವ ಸೀಮೆ, ಹಳ್ಳ ಹುಲ್ಲುಗಾವಲಿನ ಮಧ್ಯೆಯೇ ಹರಿಯುತ್ತದೆ. ಬೇಲಿ ಹಾಕದ ಕಡೆ ದಂಡೆ ಕುಸಿದು, ಗೊರಸಿನ ಗುಂಡಿಗಳಲ್ಲಿ ಸಗಣಿ ನೀರು. ನನ್ನ ಗಂಬೂಟು ಮೊಣಕಾಲ ತನಕ ಹೂತುಹೋಯಿತು, ಇಬ್ಬರು ಎಳೆದರು. ಅಲ್ಲಿಂದ ನೂರು ಹೆಜ್ಜೆ ಮೇಲೆ, ಹಲವು ವರ್ಷದ ಹಿಂದೆ ಬೇಲಿ ಹಾಕಿ ಗಿಡ ನೆಟ್ಟ ಕಡೆ, ಮರದ ಬೇರು ದಂಡೆಯನ್ನು ಬೆರಳಿನ ಹಾಗೆ ಹಿಡಿದುಕೊಂಡಿದೆ. ಕೆಳಗೆ ನೀರು ಕೊರೆದ ಪೊಳ್ಳು, ಅದರಲ್ಲಿ ಕೊಳೆತ ಎಲೆ, ಬಿದ್ದ ಕೊಂಬೆ. ಇದೇ ಮುಳ್ಳು ಕ್ರೇಫಿಶ್‌ಗೆ ಊಟ, ಇದೇ ಮನೆ. ಚಿಪ್ಪು ಕಳಚಿದಾಗ ಮೈ ಹಸಿ ಹಿಟ್ಟಿನ ಹಾಗೆ ಮೆತ್ತಗಿರುತ್ತದಂತೆ, ಗಟ್ಟಿಯಾಗುವ ತನಕ ಅಡಗಲು ಇಂಥ ಪೊಳ್ಳೇ ಬೇಕು. ಕೈ ಅದ್ದಿದೆ. ಅದೇ ಹಳ್ಳ, ಅದೇ ಮಧ್ಯಾಹ್ನ, ನೀರು ಕೊರೆಯುತ್ತಿತ್ತು. ಕೆಳಗೆ, ಬೇಲಿ ಇಲ್ಲದ ಕಡೆ, ಉಗುರುಬೆಚ್ಚಗಿತ್ತು.

ಕ್ರೇಫಿಶ್ ಕಂಡಿತಾ ಅಂತ ಕೇಳಬೇಡಿ. ಕಾಣಲಿಲ್ಲ.


ಮಂಡ್ಯದಕ್ಕ

ನಿನ್ನ ಮೂರು ಯಾಬಿ ಏನಾದವು ಅದು ಹೇಳು ಮೊದಲು.


ಹಳ್ಳದಹುಡುಗ

ಅದಕ್ಕೇ ಬರುತ್ತಿದ್ದೆ ಅಕ್ಕ. ನಿನ್ನೆ ಸಂಜೆ ಸಹೋದ್ಯೋಗಿಯನ್ನು ಮನೆಗೆ ಕರೆದೆ. ಎತ್ತುವ ಬಳೆಬಲೆಗೆ ಕೋಳಿ ಕಾಲು ಕಟ್ಟಿ ಹಿಂದಿನ ಹಳ್ಳಕ್ಕೆ ಇಳಿಸಿದೆವು. ಮಗನೂ ಬಂದಿದ್ದ, ಈಗ ಹನ್ನೆರಡು ವರ್ಷ ಅವನಿಗೆ. ಗುರುತು ಹೇಗೆ ಅಂತ ಅವರು ಹೇಳಿಕೊಟ್ಟರು: ಕೈ, ಬಾಲ ಮುಟ್ಟಿದರೆ ಮುಳ್ಳು ಚುಚ್ಚಿದರೆ ಅದು ಇಲ್ಲಿಯದು, ತಕ್ಷಣ ಬಿಡಬೇಕು. ನುಣ್ಣಗೆ ಉದ್ದ ಕೈ ಇದ್ದರೆ ಯಾಬಿ.

ಎರಡು ಗಂಟೆಯಲ್ಲಿ ಹನ್ನೊಂದು ಬಂತು. ಹನ್ನೊಂದೂ ನುಣ್ಣಗೆ. ಮುಳ್ಳಿನದು ಒಂದೂ ಇಲ್ಲ. ಕೊನೆಯದನ್ನು ಮಗ ತಿರುಗಿಸಿ ನೋಡಿದ, ಬಾಲದ ಕೆಳಗೆ ಸಾಸಿವೆಗಿಂತ ದಪ್ಪ ಕಾಳುಗಳು ಗೊಂಚಲು ಗೊಂಚಲಾಗಿ ಅಂಟಿಕೊಂಡಿದ್ದವು. "ಅಪ್ಪ, ಇದು ನಮ್ಮದರ ಮೊಮ್ಮಗಳಾ?" ಅಂದ. ಏನು ಹೇಳಲಿ. ಹೀಗೆ ಹಿಡಿದು ಮುಗಿಸೋಕಾಗಲ್ಲ, ಸಣ್ಣವು ಬಲೆಗೆ ಬರುವುದೇ ಇಲ್ಲ ಅಂತ ಸಹೋದ್ಯೋಗಿ ಮೊದಲೇ ಹೇಳಿದ್ದರು. ಆದರೂ ಪ್ರತಿ ಶುಕ್ರವಾರ ಬಲೆ ಹಾಕೋಣ ಅಂತ ಮಗನೇ ಕ್ಯಾಲೆಂಡರಿನಲ್ಲಿ ಬರೆದಿದ್ದಾನೆ. ಅಮ್ಮನಿಗೆ ಫೋನಿನಲ್ಲಿ ಹೇಳಲು ಧೈರ್ಯ ಬಂದಿಲ್ಲ.

ಹನ್ನೊಂದೂ ಈಗ ಐಸ್ ಪೆಟ್ಟಿಗೆಯಲ್ಲಿವೆ. ಮಂಡ್ಯದಕ್ಕ, ನಿಮ್ಮ ನಳ್ಳಿ ಸಾರಿಗೆ ಏನೇನು ಹಾಕುತ್ತೀರಿ?


ಮಂಡ್ಯದಕ್ಕ

ಈರುಳ್ಳಿ, ಬೆಳ್ಳುಳ್ಳಿ ಸುಟ್ಟುಕೋ, ಮೆಣಸು ಜಾಸ್ತಿ, ಹುಣಸೆ ಕಡಿಮೆ, ಕಾಯಿ ಕೊನೆಗೆ ರುಬ್ಬು. ಕೈಗಳನ್ನ ಕಲ್ಲಲ್ಲಿ ಒಂದೇ ಏಟು ಜಜ್ಜಿ ಹಾಕು, ರಸ ಬಿಡಬೇಕು. ಮುದ್ದೆಗೆ ರಾಗಿ ಹಿಟ್ಟು ಇದೆಯಾ ಇಲ್ಲಾ ಕಳಿಸ್ಲಾ?